ಷಡ್ಡಕನ ಇಪ್ಪತ್ತೆಂಟಡಿ ಪಡಸಾಲೆ

ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಜಡೆಪ್ಪ ಇಪ್ಪತ್ತಾರು ವರ್ಷಗಳಿಂದ ಕಟಿಂಗ್ ಮಾಸ್ಟರು. ಎದುರಿಗೆ ಬಂದವರ ಮುಖ ನೋಡುವ ಮೊದಲು ಸೊಂಟ ನೋಡುವುದು ಅವನ ಅಭ್ಯಾಸ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರಾದರೂ ಬಂದು ಕೂತರೆ ‘ಮೂವತ್ನಾಕು’ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಅವರು ಇಳಿಯುವಾಗ ‘ಊಟ ಮಾಡದೆ ಹೊರಟಿದ್ದರೆ ಮೂವತ್ಮೂರೂವರೆ’ ಎಂದು ತಿದ್ದಿಕೊಳ್ಳುತ್ತಾನೆ. ಹೆಸರು ಮರೆತಾನು, ಸೊಂಟ ಮರೆಯುವುದಿಲ್ಲ. ಕುರುಗೋಡಿಗೆ ಹೋಗಿ ಹೆಣ್ಣು ನೋಡಿ ಬಂದ ದಿನ ‘ಹುಡುಗಿ ಹೆಂಗೈತಪ್ಪ?’ ಎಂದು ಮನೆಯವರು ಕೇಳಿದ್ದಕ್ಕೆ ‘ಐದಡಿ ಎರಡಿಂಚು’ ಎಂದಷ್ಟೇ ಹೇಳಿದ್ದನಂತೆ. ಆ ಐದಡಿ ಎರಡಿಂಚು ಪಂಪಾವತಿ ಇವತ್ತಿಗೂ ಆ ಮಾತನ್ನು ಕ್ಷಮಿಸಿಲ್ಲ.

ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಪ್ಯಾಂಟನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ಸೊಂಟ ಅಳೆಯುತ್ತಾರೆ. ಟೇಪು ಹದಿನಾರು ತೋರಿಸಿದರೆ ಅದು ಮುಂಭಾಗ ಮಾತ್ರ. ಹಿಂಭಾಗವೂ ಅಷ್ಟೇ ಇರುವುದರಿಂದ ಮೂವತ್ತೆರಡು ಎಂದು ತಿಳಿಯಬೇಕು. ಚೀಟಿಯಲ್ಲಿ ಹದಿನಾರು ಎಂದೇ ಬರೆಯುತ್ತಾರೆ, ಓದುವಾಗ ಎರಡರಿಂದ ಗುಣಿಸುತ್ತಾರೆ. ಇಪ್ಪತ್ತಾರು ವರ್ಷ ಹೀಗೆ ಅರ್ಧ ಬರೆದು ಪೂರ್ತಿ ಓದಿದ ಮನುಷ್ಯನ ತಲೆಯೊಳಗೆ ಈ ಗುಣಾಕಾರ ಉಸಿರಾಟದಷ್ಟೇ ತಾನಾಗಿ ನಡೆಯುತ್ತದೆ. ತನ್ನ ಕೈಬರಹದ ಇಂಚಿನ ಅಂಕಿ ಕಣ್ಣಿಗೆ ಬಿದ್ದರೆ ಸಾಕು, ಅದು ಎರಡು ಪಟ್ಟಾಗಿಯೇ ಒಳಗೆ ಹೋಗುತ್ತದೆ. ಬೇರೆಯವರಿಗೆ ಇಂಥ ಅಭ್ಯಾಸದಿಂದ ಏನೂ ತೊಂದರೆ ಆಗಲಿಕ್ಕಿಲ್ಲ. ಜಡೆಪ್ಪನ ವಿಷಯದಲ್ಲಿ ಅದಕ್ಕೆ ಹೊಟ್ಟೆಕಿಚ್ಚು ಜೊತೆಗೂಡಿತು, ಎರಡೂ ಸೇರಿ ಅವನ ಮನೆಯನ್ನು ಮಾರಾಟಕ್ಕೆ ತಂದು ನಿಲ್ಲಿಸಿದವು.

ಮನೆ ಕೊಂಡು ಮೂರು ವರ್ಷವಾಗಿತ್ತು. ಕೌಲ್ ಬಜಾರಿನ ಒಂದು ಓಣಿಯ ತುದಿಗೆ, ಇಪ್ಪತ್ತಾರು ಲಕ್ಷಕ್ಕೆ. ಪಡಸಾಲೆ ಹತ್ತಡಿ ಉದ್ದ, ಒಂಬತ್ತಡಿ ಅಗಲ. ಸೋಫಾ ಇಟ್ಟರೆ ಟಿವಿಗೆ ಜಾಗವಿಲ್ಲ, ಟಿವಿ ಇಟ್ಟರೆ ನೋಡುವವರಿಗೆ ಜಾಗವಿಲ್ಲ. ಅಡುಗೆಮನೆಗೆ ಒಬ್ಬರು ಒಳಗೆ ಹೋಗಬೇಕೆಂದರೆ ಇನ್ನೊಬ್ಬರು ಹೊರಗೆ ಬರಬೇಕು. ಆದರೂ ಜಡೆಪ್ಪ ಆಗ ಬೀಗಿದ್ದೇ ಬೀಗಿದ್ದು. ಪಂಪಾವತಿಯ ತಂಗಿ ಚೈತ್ರಾಳ ಗಂಡ ಅಯ್ಯಣ್ಣ, ಅಂದರೆ ಜಡೆಪ್ಪನ ಷಡ್ಡಕ, ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುವವನು. ಆಗಿನ್ನೂ ಬಾಡಿಗೆ ಮನೆಯಲ್ಲಿದ್ದ. ಅವನನ್ನು ಹೊಸ ಪಡಸಾಲೆಯಲ್ಲಿ ಗೋಡೆಗೆ ಒತ್ತಿ ಕೂಡಿಸಿ ಜಡೆಪ್ಪ ಉಪದೇಶ ಮಾಡಿದ್ದ.

“ನೋಡು ಅಯ್ಯಣ್ಣ, ಬಳ್ಳಾರ್ಯಾಗ ಒಂದು ಅಡಿ ಅಂದ್ರ ನಿಮ್ಮೂರಾಗ ಒಂದು ಎಕರೆ ಇದ್ದಂಗ. ಎದ್ದು ನಾಕು ಹೆಜ್ಜಿ ಇಟ್ರ ಕೆಲಸ, ಇನ್ನ ನಾಕು ಹೆಜ್ಜಿ ಇಟ್ರ ದವಾಖಾನಿ. ನಿಮಗ ನೆಗಡಿ ಬಂದ್ರ ಇಲ್ಲಿಗೆ ಬರಬೇಕು.”

“ಹೌದಣ್ಣ,” ಎಂದಿದ್ದ ಅಯ್ಯಣ್ಣ. ಅವನು ಎಲ್ಲದಕ್ಕೂ ಹೌದಣ್ಣ ಎನ್ನುವ ಮನುಷ್ಯ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಹಿಡಿದುಕೊಳ್ಳಲು ಎಲ್ಲೂ ಒಂದು ಹಿಡಿಕೆಯೇ ಸಿಗುವುದಿಲ್ಲ. ಆದರೆ ಜಡೆಪ್ಪ ಕಷ್ಟಕ್ಕೆ ಅಂಜುವವನಲ್ಲ.

ಈ ವರ್ಷ ಅದೇ ಅಯ್ಯಣ್ಣ, ಅದೇ ಇಪ್ಪತ್ತಾರು ಲಕ್ಷಕ್ಕೆ, ಸಿರುಗುಪ್ಪದಲ್ಲಿ ಮನೆ ಕೊಂಡ. ಗದ್ದೆ ಪಕ್ಕದ ಹೊಸ ಬಡಾವಣೆ. ಸುತ್ತ ಕಾಂಪೌಂಡು. ಕಾರಿಲ್ಲದಿದ್ದರೂ ಕಾರು ನಿಲ್ಲಿಸಲು ಜಾಗ. ಬಾಗಿಲ ಮುಂದೆ ಒಂದು ತೆಂಗಿನಮರ, ಅದೂ ಫಲ ಬಿಟ್ಟದ್ದು. ಜಡೆಪ್ಪನ ಮನೆ ಮುಂದೆ ಇದ್ದದ್ದು ಒಂದು ಕರೆಂಟಿನ ಕಂಬ.

ಗೃಹಪ್ರವೇಶದ ದಿನ ಜಡೆಪ್ಪ ಗೇಟು ದಾಟಿದ ಕೂಡಲೇ ಮುಖ ಸಣ್ಣ ಮಾಡಿಕೊಂಡ. ಅಯ್ಯಣ್ಣ ಕೈಹಿಡಿದು ಎಲ್ಲ ತೋರಿಸಿದ. “ಇದು ಬೋರಿನ ನೀರು, ಇದು ನಲ್ಲಿ ನೀರು. ಇಲ್ಲಿ ಕುಂತ್ರ ಗದ್ದಿ ಗಾಳಿ ಬರ್ತೈತಣ್ಣ. ಅಕ್ಕಿ ಗಿರಣಿಯಾಗ ಸಿಗತೈತಿ, ತರಕಾರಿ ಅಗ್ಗ.”

“ಸೊಳ್ಳಿ ಇರಬೇಕಲ್ಲ,” ಎಂದ ಜಡೆಪ್ಪ, ಬಹಳ ಆಸೆಯಿಂದ.

“ಅದಾವಣ್ಣ, ಭಾಳ ಅದಾವ.”

ಒಪ್ಪಿಕೊಂಡುಬಿಟ್ಟ! ಸೊಳ್ಳೆಯ ಸಮಾಧಾನವೂ ಜಡೆಪ್ಪನಿಗೆ ದಕ್ಕಲಿಲ್ಲ.

ಹಾಲು ಉಕ್ಕಿಸುವ ಹೊತ್ತಿಗೆ ಎಲ್ಲರೂ ಅಡುಗೆಮನೆಗೆ ನುಗ್ಗಿದರು. ಪಡಸಾಲೆಯಲ್ಲಿ ಜಡೆಪ್ಪನೊಬ್ಬನೇ ಉಳಿದ. ಮನೆ ಎಷ್ಟು ದೊಡ್ಡದು ಎಂದು ಅಯ್ಯಣ್ಣನನ್ನು ಕೇಳಬಹುದಿತ್ತು, ಅವನು ಸಂತೋಷದಿಂದ ಹೇಳುತ್ತಿದ್ದ. ಆದರೆ ಕೇಳಿದರೆ ಕೇಳಿದಂತಾಗುತ್ತದಲ್ಲ! ಜಡೆಪ್ಪ ಜೇಬಿನಿಂದ ಅರವತ್ತಿಂಚಿನ ಟೇಪು ತೆಗೆದು, ಅಂಬೆಗಾಲಿಟ್ಟು, ಗೋಡೆಯ ಗುಂಟ ಹೊರಟ. ಒಂದು ಅರವತ್ತು, ಎರಡು ಅರವತ್ತು, ಮೇಲೆ ನಲವತ್ತೆಂಟು. ಬೆಳಗ್ಗೆ ಬಂದ ಬಸ್ಸಿನ ಟಿಕೇಟಿನ ಹಿಂದೆ ಬರೆದುಕೊಂಡ: 168. ಅಡ್ಡಕ್ಕೆ ತಿರುಗಿ ಅದನ್ನೂ ಬರೆದ: 132. ಬರೆದು ತಲೆ ಎತ್ತುವಷ್ಟರಲ್ಲಿ ಎದುರಿಗೆ ಚೈತ್ರಾ ನಿಂತಿದ್ದಳು, ಕೈಯಲ್ಲಿ ಹಾಲಿನ ಲೋಟ.

“ಏನ್ ಹುಡುಕ್ತೀರಿ ಬಾವ?”

ಜಡೆಪ್ಪ ಟೇಪನ್ನು ಮೊಣಕಾಲಡಿ ಒತ್ತಿಕೊಂಡ. “ಕನ್ನಡಕದ್ದೊಂದು ಸ್ಕ್ರೂ ಬಿತ್ತವ್ವ.”

ಅಷ್ಟು ಹೇಳಿದ್ದೇ ತಡ, ಚೈತ್ರಾ ಇಡೀ ಮನೆಯನ್ನು ಕರೆದಳು. ಹತ್ತು ಹನ್ನೊಂದು ಹೆಂಗಸರು, ಪೂಜೆಗೆ ಬಂದ ಅಯ್ಯನವರು, ಎಲ್ಲರೂ ನೆಲಕ್ಕೆ ಬಗ್ಗಿದರು. ಐದು ನಿಮಿಷದಲ್ಲಿ ಒಬ್ಬ ಮುದುಕಿ ಕಿಟಕಿಯ ಕಟ್ಟೆ ಮೇಲಿಂದ ಒಂದು ಸ್ಕ್ರೂ ಎತ್ತಿ ತಂದಳು, ಹೆಬ್ಬೆರಳಿನಷ್ಟು ದಪ್ಪದ್ದು. “ಇದ ಏನಪ್ಪ ನಿಂದು?”

“ಇದ, ಇದ,” ಎಂದು ಜಡೆಪ್ಪ ಜೇಬಿಗೆ ಹಾಕಿಕೊಂಡ. ಇಷ್ಟು ದೊಡ್ಡದು ಕನ್ನಡಕದಲ್ಲಿ ಎಲ್ಲಿ ಕೂತಿತ್ತೋ ಎಂದು ಮುದುಕಿ ಊಟ ಮುಗಿಯುವವರೆಗೂ ಅವನ ಮೂಗನ್ನೇ ನೋಡುತ್ತಿದ್ದಳು.

ಮರುದಿನ ಯೂನಿಟ್ಟಿನಲ್ಲಿ, ಕಟಿಂಗ್ ಮೇಜಿನ ಮುಂದೆ ನಿಂತು ಜಡೆಪ್ಪ ಟಿಕೇಟು ತೆಗೆದು ನೋಡಿದ. ಎಡವಟ್ಟಾದದ್ದು ಇಲ್ಲೇ. 168 ಎಂದು ಬರೆದದ್ದು 336 ಎಂದು ಒಳಗೆ ಹೋಯಿತು. 132 ಎಂಬುದು 264 ಆಯಿತು. ಹನ್ನೆರಡರಿಂದ ಭಾಗಿಸಿದ. ಉದ್ದ ಇಪ್ಪತ್ತೆಂಟು ಅಡಿ, ಅಗಲ ಇಪ್ಪತ್ತೆರಡು ಅಡಿ. ಕತ್ತರಿ ಕೆಳಗಿಟ್ಟು ಇನ್ನೊಮ್ಮೆ ಭಾಗಿಸಿದ, ಅಷ್ಟೇ ಬಂತು.

ಇನ್ನೊಬ್ಬನಾಗಿದ್ದರೆ, ನಾನು ನಿನ್ನೆ ಅಲ್ಲೇ ನಿಂತಿದ್ದೆನಲ್ಲ, ಅಷ್ಟು ದೊಡ್ಡದಾಗಿ ಕಾಣಲಿಲ್ಲವಲ್ಲ ಎಂದು ಅನುಮಾನಪಡುತ್ತಿದ್ದ. ಜಡೆಪ್ಪನಿಗೆ ಅನುಮಾನದ ಬದಲು ಸಮಾಧಾನವೇ ಆಯಿತು. ನಿನ್ನೆ ರಾತ್ರಿ ತಾನು ಯಾಕೆ ನಿದ್ದೆ ಮಾಡಲಿಲ್ಲ ಎಂಬುದಕ್ಕೆ ಈಗ ತಕ್ಕ ಕಾರಣ ಸಿಕ್ಕಿತ್ತು. ಬರಿ ಹದಿನಾಲ್ಕಡಿ ಪಡಸಾಲೆಗೆ ಯಾರಾದರೂ ಅಷ್ಟೊಂದು ಉರಿದುಕೊಳ್ಳುತ್ತಾರೆಯೇ?

ಊಟದ ಬಿಡುವಿನಲ್ಲಿ ಪ್ಯಾಟರ್ನ್ ಮಾಡುವ ಕಂದು ಕಾಗದದ ಮೇಲೆ ಅಯ್ಯಣ್ಣನ ಪಡಸಾಲೆಯನ್ನು ಒಂದು ಅಡಿಗೆ ಒಂದು ಇಂಚಿನಂತೆ ಬರೆದು ಕತ್ತರಿಸಿದ. ತನ್ನ ಪಡಸಾಲೆಯನ್ನೂ ಕತ್ತರಿಸಿದ. ಅದರ ಮೇಲೆ ಇದನ್ನಿಟ್ಟು, ಬಟ್ಟೆ ಹಾಳಾಗದಂತೆ ಪ್ಯಾಟರ್ನು ಕೂಡಿಸುವ ಜಾಣತನದಿಂದ ಅತ್ತ ಇತ್ತ ತಿರುಗಿಸಿದ. ಆರು ಸಲ ಕೂತಿತು! ಆರು ಕೂತ ಮೇಲೂ ಒಂದು ಅಂಚು ಉಳಿಯಿತು, ಬೆಲ್ಟಿನ ಪಟ್ಟಿ ಕತ್ತರಿಸುವಷ್ಟು.

ಮಾಲೀಕ ಚನ್ನಬಸವರಾಜ ಹಿಂದಿನಿಂದ ಬಂದು ಇಣುಕಿದ. “ಇದ್ಯಾವ ಪಾರ್ಟಿ ಆರ್ಡರ್ರೋ ಜಡೆಪ್ಪ? ಕಾಲಿಲ್ಲ, ಜೇಬಿಲ್ಲ!”

“ಸಿರುಗುಪ್ಪದ ಪಾರ್ಟಿರಿ,” ಎಂದ ಜಡೆಪ್ಪ, ಕಾಗದ ಮಡಚುತ್ತ.

ಅವತ್ತು ಸಂಜೆ ಮನೆಗೆ ಬಂದವನು ಬಾಗಿಲಲ್ಲೇ ಘೋಷಿಸಿದ: “ಈ ಮನಿ ಮಾರತೀನಿ. ಸಿರುಗುಪ್ಪದಾಗ ಅಯ್ಯಣ್ಣನ ಬಾಜೂಕ ತಗೊಳ್ಳೋಣು.”

ಪಂಪಾವತಿ ಹೊಸ್ತಿಲ ಮೇಲೆ ಕೂತು ಜೀನ್ಸಿನ ದಾರದ ತುದಿಗಳನ್ನು ಕತ್ತರಿಸುತ್ತಿದ್ದಳು. ಅವಳ ಸುತ್ತ ಓಣಿಯ ಮೂವರು ಹೆಂಗಸರು ಅದೇ ಕೆಲಸ ಮಾಡುತ್ತಿದ್ದರು. ದಿನವೂ ಮಧ್ಯಾಹ್ನ ಯೂನಿಟ್ಟಿನಿಂದ ಪ್ಯಾಂಟಿನ ಗಂಟು ಬರುತ್ತಿತ್ತು, ಕೆಲಸಕ್ಕಿಂತ ಹೆಚ್ಚಾಗಿ ಮಾತು ನಡೆಯುತ್ತಿತ್ತು. ಪಂಪಾವತಿಗೆ ಕೈಗೆ ನಾಲ್ಕು ಕಾಸು, ಬಾಯಿಗೆ ನಾಲ್ಕು ಜನ, ಎರಡೂ ಈ ಹೊಸ್ತಿಲಲ್ಲೇ. ಮೂವರನ್ನೂ ಕಳಿಸಿದ ಮೇಲೆ ಅವಳು ಕೇಳಿದಳು.

“ನಿಮ್ಮ ಕೆಲಸ ಇಲ್ಲಿ, ನನ್ನ ಕೆಲಸ ಇಲ್ಲಿ. ಅಲ್ಲಿ ಹೋಗಿ ಏನ್ ಮಾಡೋದು?”

“ಬಸ್ಸಿಗೆ ಒಂದೂವರಿ ತಾಸು. ದಿನಾ ಬರತೀನಿ, ಹೋಗತೀನಿ. ಅವನ ಪಡಸಾಲಿ ಎಷ್ಟೈತಿ ಗೊತ್ತೇನು? ಇಪ್ಪತ್ತೆಂಟು ಅಡಿ!”

“ಏನ್ ಇಪ್ಪತ್ತೆಂಟ್ರಿ? ಎರಡು ಸಾಲು ಎಲಿ ಹಾಕಿದ್ರ ನಡುವ ಬಡಸಾಕ ಜಾಗ ಇರಲಿಲ್ಲ. ನನ್ನ ಸೀರಿಗೆ ಸಾರು ಚೆಲ್ಲಿದ್ದು ಯಾಕ ಮತ್ತ?”

“ಹೆಣ್ಮಕ್ಕಳ ಕಣ್ಣಿಗೆ ಅಂದಾಜು ಸಿಗಂಗಿಲ್ಲ. ಟೇಪು ಸುಳ್ಳು ಹೇಳತೈತೇನು?”

“ಅಲ್ಲಿ ಟೇಪು ಹಿಡದವರು ಯಾರು?”

ಜಡೆಪ್ಪ ಚಹಾ ಕೇಳಿದ. ಪಂಪಾವತಿ ಚಹಾ ಕೊಟ್ಟಳು, ಆಮೇಲೆ ನಾಲ್ಕು ದಿನ ಮಾತು ಕೊಡಲಿಲ್ಲ.

ಕೊಳ್ಳುವವರನ್ನು ಹುಡುಕುವ ಶ್ರಮವೂ ಬೀಳಲಿಲ್ಲ. ಆಚೆ ಓಣಿಯಲ್ಲಿ ಬಾಡಿಗೆಗಿದ್ದ ಪ್ರಭುಲಿಂಗ ತಾನಾಗಿಯೇ ಬಂದ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು, ಸೊಂಟ ಮೂವತ್ತು, ಮಾತು ಕಡಿಮೆ. ಮೂವತ್ತೊಂದು ಲಕ್ಷ ಎಂದ, ಜಡೆಪ್ಪ ಹೂಂ ಎಂದ. ಮೂರು ವರ್ಷಕ್ಕೆ ಐದು ಲಕ್ಷ ಏರಿತಲ್ಲ, ಬಳ್ಳಾರಿಯ ಅಡಿಗೆ ಬೆಲೆ ಇದೆ ಎಂದು ತಾನೇ ಹೇಳಿದ್ದು ನಿಜವಾಯಿತಲ್ಲ ಎಂಬ ಹಿಗ್ಗು ಅವನಿಗೆ ಬರಬೇಕಿತ್ತು. ಬರಲಿಲ್ಲ. ಮೂವತ್ತೊಂದಕ್ಕೆ ಸಿರುಗುಪ್ಪದಲ್ಲಿ ಎಷ್ಟು ಅಡಿ ಬಂದೀತು ಎಂದು ಮನಸ್ಸು ಆಗಲೇ ಕಾಗದ ಕತ್ತರಿಸುತ್ತಿತ್ತು. ಸೋಮವಾರ ಸಂಜೆ ಮುಂಗಡ ಕೊಡುವುದೆಂದು ಮಾತಾಯಿತು. ಭಾನುವಾರ ಸಿರುಗುಪ್ಪಕ್ಕೆ ಹೋಗಿ ಅಲ್ಲಿಯ ಮನೆ ಗೊತ್ತು ಮಾಡಿಕೊಂಡು ಬರುವುದೆಂದು ಜಡೆಪ್ಪ ತೀರ್ಮಾನಿಸಿದ.

ಭಾನುವಾರ ಪಂಪಾವತಿ ಜೊತೆಗೆ ಬರಲಿಲ್ಲ. “ನಮ್ಮವ್ವನ್ನ ಕರಕೊಂಡು ಹೋಗ್ರಿ, ಆಕಿ ಒಪ್ಪಿದ್ರ ನಾನೂ ಒಪ್ಪಿದೆ,” ಎಂದಳು. ಹೀಗಾಗಿ ಜಡೆಪ್ಪ ಕುರುಗೋಡಿನಲ್ಲಿ ಇಳಿದ. ಅತ್ತೆ ದುರುಗಮ್ಮ ಬಸ್‌ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಅಂಗಡಿ ನಡೆಸುತ್ತಾಳೆ. ಎಣ್ಣೆ ಬಾಣಲೆಯ ಹಿಂದೆ ಕೂತರೆ ಊರಿನ ಯಾವ ಸುದ್ದಿಯೂ ಅವಳನ್ನು ದಾಟಿ ಹೋಗುವುದಿಲ್ಲ.

“ಏನ್ ಅಳಿಯಪ್ಪ, ಬಳ್ಳಾರಿ ಬ್ಯಾಸರಾತೇನು?” ಎಂದಳು, ಮಿರ್ಚಿ ತಿರುವಿಹಾಕುತ್ತ. “ಒಬ್ಬಾವ ಬಳ್ಳಾರಿ ಅಂತಾನ, ಒಬ್ಬಾವ ಸಿರುಗುಪ್ಪ ಅಂತಾನ. ಅಷ್ಟು ರೊಕ್ಕಕ್ಕ ನಮ್ಮ ಕುರುಗೋಡಾಗ ಮನಿ ಬರ್ತೈತಿ, ಮನಿ ಹಿಂದಿನ ಗುಡ್ಡಾನೂ ಬರ್ತೈತಿ. ನಮ್ಮೂರನ್ನ ಯಾರೂ ಕೇಳಂಗಿಲ್ಲ.”

“ನಿಮಗ ಗೊತ್ತಾಗಂಗಿಲ್ಲ ಅತ್ತಿ. ಇಪ್ಪತ್ತೆಂಟು ಅಡಿ!”

“ಅಷ್ಟುದ್ದ ಕಸ ಹೊಡಿಯೋರು ಯಾರು?” ಎಂದು ದುರುಗಮ್ಮ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ, ನಾಲ್ಕು ಮಿರ್ಚಿ ಪೊಟ್ಟಣ ಕಟ್ಟಿಕೊಂಡು ಬಸ್ಸು ಹತ್ತಿದಳು. ಕೋಳೂರು ಕ್ರಾಸು ದಾಟಿ, ತೆಕ್ಕಲಕೋಟೆ ದಾಟಿ, ಸಿರುಗುಪ್ಪ ಬರುವವರೆಗೂ ಜಡೆಪ್ಪ ಕಿಟಕಿಯಾಚೆಯ ಹಸಿರು ಗದ್ದೆಗಳನ್ನು ಒಂದೊಂದಾಗಿ ದ್ವೇಷಿಸಿದ.

ಅಯ್ಯಣ್ಣ ಗೇಟಿನಲ್ಲೇ ನಿಂತಿದ್ದ, ಮುಖದ ತುಂಬ ಸಂತೋಷ. “ಬಾಜೂ ಮನಿಗೇ ಬರ್ತೀರಂದ್ರ ಇನ್ನೇನ್ ಬೇಕಣ್ಣ! ಮೇಸ್ತ್ರಿನ್ನ ಕರಿಸೀನಿ.” ಮೇಸ್ತ್ರಿ ಮೈಲಾರಲಿಂಗಪ್ಪ ಆ ಸಾಲಿನ ಮನೆಗಳನ್ನೆಲ್ಲ ಕಟ್ಟಿದವನು. ಪಕ್ಕದ ಖಾಲಿ ಮನೆಯ ಬೀಗ ತೆಗೆದು, “ಅಯ್ಯಣ್ಣಂದು, ಇದು, ಎರಡೂ ಒಂದ ಪ್ಲಾನ್ರಿ. ಇಟ್ಟಿಗಿ ಎಣಿಸಿದ್ರೂ ಒಂದ ಲೆಕ್ಕ ಬರ್ತೈತಿ,” ಎಂದ.

ಒಳಗೆ ಬಂದ ಜಡೆಪ್ಪ ಈ ಸಲ ಅಡಗಿಸಿಕೊಳ್ಳುವ ಅಗತ್ಯವಿಲ್ಲದ್ದರಿಂದ ಟೇಪನ್ನು ಠೀವಿಯಿಂದ ಝಾಡಿಸಿ ಗೋಡೆಗೆ ಹಿಡಿದ. ಅರವತ್ತು. ಇನ್ನೊಂದು ಅರವತ್ತು. ನಲವತ್ತೆಂಟಕ್ಕೆ ಗೋಡೆ ಬಂದುಬಿಟ್ಟಿತು. ಅವನು ಗೋಡೆಯನ್ನು ತಳ್ಳಿ ನೋಡಿದ.

“ಮುಂದಿಂದು ಎಲ್ಲಿ?”

“ಏನ್ ಮುಂದಿಂದು?”

“ಉಳಿದ ಹದಿನಾಕು ಅಡಿ!”

ಮೈಲಾರಲಿಂಗಪ್ಪ ಸುತ್ತ ನೋಡಿದ. “ಇಷ್ಟ ಐತಲ್ರಿ. ಹದಿನಾಕು ಬೈ ಹನ್ನೊಂದು.”

“ಅವನಿಗೆ ಇಪ್ಪತ್ತೆಂಟು, ನನಗ ಹದಿನಾಕು? ಬಳ್ಳಾರಿಯಿಂದ ಬಂದಾನ, ಗೊತ್ತಾಗಂಗಿಲ್ಲ ಅಂದ್ಕೊಂಡೀ ಏನು? ಅರ್ಧಕ್ಕರ್ಧ ನುಂಗಿ ಒಂದ ಪ್ಲಾನ್ ಅಂತೀ!”

ಮೇಸ್ತ್ರಿಯ ಕಿವಿ ಕೆಂಪಾದವು. ಇಪ್ಪತ್ತು ವರ್ಷದ ಕೆಲಸದಲ್ಲಿ ಗೋಡೆ ಓರೆ ಎಂದವರಿದ್ದರು, ಸೋರುತ್ತದೆ ಎಂದವರಿದ್ದರು, ಅರ್ಧ ಪಡಸಾಲೆ ಕದ್ದ ಎಂದವರು ಯಾರೂ ಇರಲಿಲ್ಲ. “ನಡೀರಿ ಅಯ್ಯಣ್ಣನ ಮನಿಗೆ! ಅಲ್ಲೇ ಅಳೀರಿ! ಒಂದು ಇಂಚು ಹೆಚ್ಚಿದ್ರ ಇದನ್ನ ಪುಗಸಟ್ಟಿ ಬರಕೊಡತೀನಿ!”

ನಡೆದರು. ಅಯ್ಯಣ್ಣ ಬಹಳ ಉತ್ಸಾಹದಿಂದ ಟೇಪಿನ ಒಂದು ತುದಿ ಹಿಡಿದ. ಅವನಿಗೂ ತನ್ನ ಮನೆ ಅಷ್ಟು ದೊಡ್ಡದೇ ಎಂಬ ಆಸೆ ಹುಟ್ಟಿದಂತಿತ್ತು. ಚೈತ್ರಾ ಬಾಗಿಲಲ್ಲಿ, ದುರುಗಮ್ಮ ಮಿರ್ಚಿ ಪೊಟ್ಟಣದೊಂದಿಗೆ ಕಿಟಕಿಯ ಕಟ್ಟೆಯಲ್ಲಿ. ಅರವತ್ತು. ಅರವತ್ತು. ನಲವತ್ತೆಂಟು.

“ಒಂದು ನೂರಾ ಅರವತ್ತೆಂಟು,” ಎಂದ ಮೇಸ್ತ್ರಿ. “ಹದಿನಾಕು ಅಡಿ. ಇನ್ನೇನೈತಿ?”

“ಸಾಧ್ಯನ ಇಲ್ಲ,” ಎಂದು ಜಡೆಪ್ಪ ಜೇಬಿನಿಂದ ಆ ಬಸ್ ಟಿಕೇಟನ್ನು ತೆಗೆದು ನ್ಯಾಯಾಧೀಶರ ಮುಂದೆ ಸಾಕ್ಷಿ ಇಟ್ಟಂತೆ ಮುಂದೆ ಹಿಡಿದ. “ಇಲ್ಲಿ ಬರದೀನಿ ನೋಡ್ರಿ, ನನ್ನ ಕೈಯಾರ!”

ಎಲ್ಲರೂ ಬಗ್ಗಿ ನೋಡಿದರು. “ಒಂದು ನೂರಾ ಅರವತ್ತೆಂಟು ಅಂತ ಬರದೀರಲ್ಲಣ್ಣ,” ಎಂದ ಅಯ್ಯಣ್ಣ ಮೆಲ್ಲಗೆ.

“ಅದು ಅರ್ಧ. ಅದನ್ನ ಎರಡಕ್ಕ ಗುಣಸ...” ಎನ್ನುತ್ತಿದ್ದ ಜಡೆಪ್ಪ ನಡುವೆ ನಿಂತ. ಪ್ಯಾಂಟಿಗೆ ಮುಂದೊಂದು ಹಿಂದೊಂದು ಇರುತ್ತದೆ. ಪಡಸಾಲೆಗೆ ಹಿಂದಿನದೆಂಬುದಿಲ್ಲ. ಈ ಸತ್ಯ ಅವನ ಮುಖದ ಮೇಲೆ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಇಳಿಯಿತು.

ಚೈತ್ರಾ ಟಿಕೇಟನ್ನು ಕೈಗೆ ತಗೊಂಡು ತಿರುವಿ ತಾರೀಖು ಓದಿದಳು. “ಇದು ನಮ್ಮ ಗೃಹಪ್ರವೇಶದ ದಿನದ್ದು! ಬಾವ, ಹಂಗಾದ್ರ ಆವತ್ತು ಸ್ಕ್ರೂ ಬಿತ್ತು ಅಂತ...”

ಚೈತ್ರಾಳ ಕಣ್ಣು ಮೇಲಕ್ಕೆ ಹೋಯಿತು. ಅಲ್ಲಿ ಫ್ಯಾನು ಕಟಕಟ, ಕಟಕಟ ಎನ್ನುತ್ತಿತ್ತು.

“ಆ ಸ್ಕ್ರೂ ಫ್ಯಾನಿಂದ್ರಿ,” ಎಂದಳು ಚೈತ್ರಾ. “ಕರೆಂಟಿನವ ಕಟ್ಟಿ ಮ್ಯಾಲಿಟ್ಟು ಉಣ್ಣಾಕ ಹೋಗಿದ್ದ. ಆವತ್ತಿನಿಂದ ಹುಡುಕಾಕತ್ತೀವಿ.”

ದುರುಗಮ್ಮ ಬಾಯಲ್ಲಿದ್ದ ಮಿರ್ಚಿಯನ್ನು ನುಂಗಿ, “ಅಳಿಯಪ್ಪ, ನನ್ನ ಅಂಗಡಿ ಅಳಿಯಾಕ ಬಂದ್ರ ಮೊದಲ ಹೇಳು, ಬಾಣಲಿ ತೆಗದಿಡತೀನಿ,” ಎಂದಳು.

ಅಯ್ಯಣ್ಣ ಸಿಟ್ಟು ಮಾಡಬಹುದಿತ್ತು, ಮಾಡಿದ್ದರೆ ಜಡೆಪ್ಪ ಬದುಕಿಕೊಳ್ಳುತ್ತಿದ್ದ. ಅವನು ಕಣ್ಣರಳಿಸಿ, “ನಮ್ಮ ಮನಿ ನಿಮ್ಮ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡಿತಲ್ಲಣ್ಣ, ಅದ ನಮ್ಮ ಪುಣ್ಯ,” ಎಂದುಬಿಟ್ಟ. ಹೊರಡುವಾಗ ಎರಡು ತೆಂಗಿನಕಾಯಿಯನ್ನೂ ಚೀಲಕ್ಕೆ ಹಾಕಿದ. ಅವುಗಳ ಭಾರಕ್ಕೆ ಜಡೆಪ್ಪನ ಭುಜ ಬಳ್ಳಾರಿಯವರೆಗೂ ನೋಯಿತು.

ಇಷ್ಟಾದ ಮೇಲೆ ಮನೆ ಮಾರುವ ಯೋಚನೆ ಬಿಟ್ಟಿರಬೇಕು ಎಂದುಕೊಳ್ಳುವವರಿಗೆ ಹೊಟ್ಟೆಕಿಚ್ಚಿನ ಅನುಭವ ಸಾಲದು. ಸೋಮವಾರ ಬೆಳಗಿನ ಹೊತ್ತಿಗೆ ಜಡೆಪ್ಪ ಹೊಸ ಲೆಕ್ಕ ಹಾಕಿ ಮುಗಿಸಿದ್ದ. ಇಪ್ಪತ್ತೆಂಟು ಅಲ್ಲ, ಸರಿ. ಹದಿನಾಲ್ಕಾದರೂ ಹತ್ತಕ್ಕಿಂತ ಹೆಚ್ಚೇ ಅಲ್ಲವೇ? ಗೇಟು ಗೇಟೇ, ಮರ ಮರವೇ. ಮೇಲಾಗಿ ಯೂನಿಟ್ಟಿನಲ್ಲಿ ಎಲ್ಲರಿಗೂ ಹೇಳಿಯಾಗಿದೆ, ಪ್ರಭುಲಿಂಗನಿಗೆ ಮಾತು ಕೊಟ್ಟಾಗಿದೆ. ಆಡಿದ ಮಾತಿಗೆ ತಪ್ಪುವ ಮನುಷ್ಯ ತಾನಲ್ಲ ಎಂದು ಅವನು ಕನ್ನಡಿಗೆ ಹೇಳಿದ. ಪಂಪಾವತಿ ತಾಯಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಕೇಳಿಕೊಂಡಿದ್ದಳು. ಮಧ್ಯಾಹ್ನ ಬಂದ ಪ್ಯಾಂಟಿನ ಗಂಟನ್ನು ಬಿಚ್ಚದೆ ಮೂಲೆಗಿಟ್ಟು, ಕಣ್ಣು ಒರೆಸಿಕೊಂಡಳು. ಜಡೆಪ್ಪ ಅದನ್ನು ನೋಡಿದ, ನೋಡದವನ ಹಾಗೆ ಶರ್ಟಿನ ಗುಂಡಿ ಹಾಕಿಕೊಂಡ.

ಸಂಜೆ ಪ್ರಭುಲಿಂಗ ಬಂದ. ಒಂದು ಕೈಯಲ್ಲಿ ದಪ್ಪ ಕವರು, ಇನ್ನೊಂದು ಕೈಯಲ್ಲಿ ಬಾಳೆಹಣ್ಣು. ಕವರನ್ನು ಸ್ಟೂಲಿನ ಮೇಲಿಟ್ಟ, ಜಡೆಪ್ಪ ಕೈ ಚಾಚಲು ಹೊರಟ. ಅಷ್ಟರಲ್ಲಿ, ಮೂರು ಸಲ ಬಂದರೂ ಹತ್ತು ಮಾತಾಡದ ಪ್ರಭುಲಿಂಗ ಕುರ್ಚಿಯಿಂದೆದ್ದು ಪಡಸಾಲೆಯನ್ನು ಒಂದು ಸುತ್ತು ನೋಡಿ ಮಾತು ಶುರುಮಾಡಿದ.

“ಇಲ್ಲಿ ನಮ್ಮವ್ವನ ಮಂಚ ಹಾಕತೀನ್ರಿ, ಈ ಕಿಟಕಿ ಬುಡಕ. ಸಂಜಿ ಆದ್ರ ಇಲ್ಲಿ ಎಂಥಾ ಗಾಳಿ ಬರ್ತೈತಿ!”

“ಈ ಕಿಟಕ್ಯಾಗೇನು?” ಎಂದ ಜಡೆಪ್ಪ.

“ಹೂಂನ್ರಿ. ಈ ಓಣ್ಯಾಗ ಈ ಒಂದ ಮನಿಗೆ ಬರ್ತೈತಿ. ಆಚಿ ಕಡೆ ಖಾಲಿ ಐತಲ್ಲ. ನಾನು ದಿನಾ ಲ್ಯಾಬಿಗೆ ಹೋಗುವಾಗ ನೋಡಿಕೋತ ಹೋಗತೀನಿ, ನಿಮ್ಮ ಪರದೆ ಹಾರಾಡತಿರತೈತಿ. ಮ್ಯಾಲ ಹತ್ತಿದ್ರ ಕ್ವಾಟಿ ಗುಡ್ಡ ಎದರಿಗೇ. ನಮ್ಮವ್ವಗ ರಾತ್ರಿ ಉಸಿರು ಕಟ್ಟಿದ್ರ ನಾಕು ನಿಮಿಷಕ್ಕ ದವಾಖಾನಿ.” ಅವನು ಗೋಡೆಯ ಮೇಲೆ ಕೈ ಆಡಿಸಿದ, ಹಸುವಿನ ಬೆನ್ನು ಸವರುವ ಹಾಗೆ. “ಖರೇ ಹೇಳಬೇಕಂದ್ರ, ಮೂರು ವರ್ಷದ ಹಿಂದ ಈ ಮನಿ ನಾನೇ ತಗೋಬೇಕಂತ ಓಡಾಡತಿದ್ದೆ. ನೀವು ತಗೊಂಡ್ರಿ ಅಂತ ಗೊತ್ತಾದ ದಿನ ನನಗ ಜ್ವರ ಬಂದಿತ್ರಿ. ಎರಡು ದಿನ ಡ್ಯೂಟಿಗೆ ಹೋಗಲಿಲ್ಲ. ನಿಮ್ಮನ್ನ ದಾರ್ಯಾಗ ಕಂಡ್ರ ಬ್ಯಾರೆ ಕಡೆ ಮಾರಿ ತಿರುವತಿದ್ದೆ. ಹೊಟ್ಟಿ ಉರೀತಿತ್ತು. ತಪ್ಪು ತಿಳಕೋಬ್ಯಾಡ್ರಿ.”

ಕವರಿನ ಕಡೆ ಮತ್ತೆ ಚಾಚಿದ ಜಡೆಪ್ಪನ ಕೈ ಗಾಳಿಯಲ್ಲೇ ನಿಂತಿತು. ಜೀವಮಾನದಲ್ಲಿ ಅವನು ಎಷ್ಟೋ ಜನರನ್ನು ನೋಡಿ ಉರಿದುಕೊಂಡಿದ್ದ. ತನ್ನನ್ನು ನೋಡಿ ಇನ್ನೊಬ್ಬರು ಉರಿದುಕೊಂಡಿರಬಹುದು ಎಂಬುದು ಮಾತ್ರ ಇವತ್ತಿನವರೆಗೂ ಹೊಳೆದಿರಲಿಲ್ಲ. ಎರಡು ದಿನ ಜ್ವರ! ತಾನು ಅಯ್ಯಣ್ಣನಿಗಾಗಿ ಒಂದು ರಾತ್ರಿ ನಿದ್ದೆಗೆಟ್ಟಿದ್ದ ಅಷ್ಟೇ. ಎದೆಯೊಳಗೆ ಬಹಳ ಹಿತವಾದದ್ದೊಂದು ಏರಿತು. ಅದು ಪೂರ್ತಿ ಏರುವ ಮೊದಲೇ ಇನ್ನೊಂದು ವಿಚಾರ ಬಂದು ಅದನ್ನು ಒತ್ತಿ ಹಿಡಿಯಿತು. ಈ ಕವರು ಮುಟ್ಟಿದರೆ ನಾಳೆಯಿಂದ ಆ ಕಿಟಕಿ ಇವನದು. ಆ ಗಾಳಿ ಇವನದು. ಸಿರುಗುಪ್ಪದಿಂದ ದಿನಾ ಕೆಲಸಕ್ಕೆ ಬರುವಾಗ, ಹೋಗುವಾಗ, ಈ ಓಣಿಯಲ್ಲಿ ಹಾರಾಡುವ ಪರದೆಯನ್ನು ತಾನು ನೋಡಬೇಕು. ಜ್ವರ ತನ್ನ ಪಾಲಿಗೆ!

“ಮಂಚ ಇಲ್ಲಿ ಕೂಡಂಗಿಲ್ಲ,” ಎಂದ ಒರಟಾಗಿ.

“ಕೂಡತೈತ್ರಿ. ಆರಡಿದು.”

“ಕೂಡಿದ್ರೂ ಕೂಡಂಗಿಲ್ಲ. ಮನಿ ಕೊಡಂಗಿಲ್ರಿ ನಾನು.”

ಪಂಪಾವತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಪ್ರಭುಲಿಂಗನ ಮುಖ ಇಳಿಯಿತು. “ಮಾತಾಗಿತ್ತಲ್ರಿ. ಬೇಕಂದ್ರ ಮೂವತ್ತೆರಡು ಮಾಡೋಣು.”

“ಇಲ್ಲ.”

“ಮೂವತ್ತೆರಡೂವರಿ.”

ಬೆಲೆ ಏರಿದಷ್ಟೂ ಜಡೆಪ್ಪನ ಕಣ್ಣಿಗೆ ಪಡಸಾಲೆ ಅಗಲವಾಗುತ್ತಾ ಹೋಯಿತು. ಇವನು ಇನ್ನೂ ಏನೋ ಕಂಡಿದ್ದಾನೆ, ಹೇಳುತ್ತಿಲ್ಲ! ಅವನು ಎದ್ದು ಕವರನ್ನು ಪ್ರಭುಲಿಂಗನ ಕೈಗಿಟ್ಟ, ಬಾಳೆಹಣ್ಣನ್ನೂ ಇಟ್ಟ. “ಮಾತಿಗೆ ತಪ್ಪಿದೆ, ನನ್ನದ ತಪ್ಪು. ನಿಮ್ಮವ್ವನ್ನ ಸಂಜಿ ಹೊತ್ತು ಕರಕೊಂಡು ಬರ್ರಿ, ಇಲ್ಲಿ ಕುಂದ್ರಲಿ. ಆದ್ರ ಕುಂತು ಹೋಗಬೇಕು, ಅಷ್ಟ.”

ಪ್ರಭುಲಿಂಗ ಹೊಸ್ತಿಲು ದಾಟಿ, ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆದು, ತಿರುಗಿ ಒಮ್ಮೆ ಕಿಟಕಿಯ ಕಡೆ ನೋಡಿದ. ಆ ನೋಟವನ್ನು ಜಡೆಪ್ಪ ಬಾಗಿಲ ಸಂದಿಯಿಂದ ಕಣ್ತುಂಬ ನೋಡಿದ.

ಒಳಗೆ ಬಂದು ಕಿಟಕಿಯ ಬುಡದಲ್ಲಿ ಕೂತ. ಎಂದೂ ಅಲ್ಲಿ ಕೂತವನಲ್ಲ. ಸ್ವಲ್ಪ ಹೊತ್ತಿಗೆ ಪರದೆ ಉಬ್ಬಿತು, ಬೆವೆತ ಕುತ್ತಿಗೆಗೆ ತಣ್ಣಗೆ ತಾಗಿತು.

“ಹೌದಲ್ಲೇ! ಇದು ಯಾವಾಗಿಂದ ಬರ್ತೈತಿ?”

“ಮೂರು ವರ್ಷದಿಂದ,” ಎಂದಳು ಪಂಪಾವತಿ. ಮೂಲೆಯ ಗಂಟನ್ನು ಎಳೆದುಕೊಂಡು ಬಿಚ್ಚುತ್ತಿದ್ದಳು.

“ಮತ್ತ ನನಗ ಯಾಕ ಹೇಳಲಿಲ್ಲ ನೀನು?”

“ಹೇಳಿದ್ರ, ಸಿರುಗುಪ್ಪದಾಗ ಇದಕ್ಕಿಂತ ಜೋರು ಬರ್ತೈತಿ ಅಂತಿದ್ರಿ.”

ಜಡೆಪ್ಪ ಪರದೆ ಉಬ್ಬಿದ್ದನ್ನು ಗೇಣು ಹಾಕಿ ನೋಡಿದ. “ಅಲ್ಲಿ ಜೋರು ಬರ್ತೈತೇನು?” ಎಂದ ಆಮೇಲೆ.